ದಿನಕ್ಕೆ ಹತ್ತು ರೂಪಾಯಿಯ ಲೆಕ್ಕ

ಮಗಾ, ಶುದ್ಧ ಇಂಧನದ ಸಲಹಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತೆಂದು ನೀನು ಹೇಳಿದಾಗ ನಿನ್ನ ಅಜ್ಜಿಯ ನೆನಪಾಯಿತು. ಚಿಮಣಿ ಬುಡ್ಡಿಯ ಬೆಳಕಲ್ಲಿ ಸಂಸಾರ ತೂಗಿಸಿದವಳು. ಇಂಧನ ನೀತಿಯ ಕಡತಗಳ ನಡುವೆಯೇ ಮೂವತ್ತು ವರ್ಷ ಕಳೆದವನಾಗಿ ಹೇಳುತ್ತೇನೆ: ಮೆಗಾವ್ಯಾಟಿನ ಲೆಕ್ಕಕ್ಕೆ ಕೂರುವ ಮೊದಲು ಒಂದು ಮನೆಯ ದಿನದ ಲೆಕ್ಕ ಕಲಿ.

ಆ ಲೆಕ್ಕ ಹಿಡಿದವರು ಹರೀಶ್ ಹಂದೆ. ಅವರ ಮೂಲ ಕೋಟದ ಹತ್ತಿರದ ಹಂದಟ್ಟು. ಖರಗ್‌ಪುರದ ಐಐಟಿಯಲ್ಲೂ ಅಮೆರಿಕದಲ್ಲೂ ಓದಿ, 1995ರಲ್ಲಿ ಸೌರದೀಪದ ಸಂಸ್ಥೆ ಸೆಲ್ಕೋ ಕಟ್ಟಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರಿಯೊಬ್ಬರಿಂದ ಕಲಿತ ಪಾಠವನ್ನು ಅವರು ಮತ್ತೆ ಮತ್ತೆ ಹೇಳುತ್ತಾರೆ: ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ಆದರೆ ಆಗುತ್ತದೆ. ನಮ್ಮ ಉಡುಪಿ ಜಿಲ್ಲೆಗೆ ಈ ದಿನದ ಲೆಕ್ಕ ಹೊಸದಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲೇ ದಿನಕ್ಕೆರಡಾಣೆಯಂತೆ ಮನೆ ಬಾಗಿಲಲ್ಲಿ ಪಿಗ್ಮಿ ಉಳಿತಾಯ ಸಂಗ್ರಹಿಸಲು ಹೊರಟಿತ್ತು. ಸೌರದೀಪ ಬಡವರ ಮನೆ ಸೇರಿದ್ದರಲ್ಲಿ ಫಲಕದಷ್ಟೇ ಪಾಲು ಇಂಥ ಸಣ್ಣ ಕಂತಿನದೂ ಇದೆ.

ಇದೆಲ್ಲ ಗೊತ್ತಿದ್ದೂ ನಾನೇ ಒಮ್ಮೆ ತಪ್ಪಿದೆ. ಬೈಂದೂರು ಕಡೆಯ ಕಡಲತಡಿಯಲ್ಲಿ ಮೀನು ಒಣಗಿಸುವ ಹೆಂಗಸರಿಗಾಗಿ ಸೌರ ಡ್ರೈಯರ್ ಯೋಜನೆ ಬರೆದು, ಹನ್ನೆರಡು ತಿಂಗಳಿಗೂ ಒಂದೇ ಕಂತು ಗೊತ್ತುಮಾಡಿದೆ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಮೀನಿಲ್ಲ, ಬಿಸಿಲಿಲ್ಲ, ಕೈಯಲ್ಲಿ ಕಾಸಿಲ್ಲ. ಉಪ್ಪುಗಾಳಿಗೆ ಡ್ರೈಯರಿನ ಬಾಗಿಲ ತಿರುಗಣಿಗಳೂ ತುಕ್ಕು ಹಿಡಿದವು. ಕಂತು ಕಟ್ಟಲಾಗದೆ ಆ ಹೆಂಗಸರು ನನ್ನೆದುರು ತಲೆ ತಗ್ಗಿಸಿ ನಿಂತಿದ್ದರು. ತಗ್ಗಿಸಬೇಕಾಗಿದ್ದದ್ದು ನಾನು. ಹುಟ್ಟೂರಿನ ಮಳೆಗಾಲವನ್ನೇ ಮರೆತು ಬರೆದಿದ್ದೆ.

ಇನ್ನೊಂದು. 2024ರಲ್ಲಿ ಮನೆ ಚಾವಣಿಯ ಸೌರಫಲಕಕ್ಕೆಂದು ಕೇಂದ್ರದ ಪಿಎಂ ಸೂರ್ಯಘರ್ ಬಂತು. ಮೂರು ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನ. ಅದಕ್ಕೂ ಮೊದಲು, 2023ರಲ್ಲಿ, ರಾಜ್ಯದ ಗೃಹಜ್ಯೋತಿ 200 ಯೂನಿಟ್‌ವರೆಗೆ ಬಿಲ್ಲನ್ನೇ ಸೊನ್ನೆಗೆ ಇಳಿಸಿತ್ತು. ಎರಡೂ ಬೇಕಾದವೇ. ಆದರೆ ಬಿಲ್ಲೇ ಬಾರದ ಬ್ರಹ್ಮಾವರದ ಒಂದು ಸಣ್ಣ ಮನೆ ಚಾವಣಿಗೆ ಸೌರಫಲಕ ಯಾಕೆ ಹಾಕಿಸಬೇಕು? ಒಂದು ಯೋಜನೆ ಇನ್ನೊಂದನ್ನು ಎಲ್ಲಿ ಮುಟ್ಟುತ್ತದೆಂದು ನೋಡದೆ ವರದಿಗೆ ಸಹಿ ಹಾಕಬೇಡ.

ನಮ್ಮ ಕಿಂಡಿ ಅಣೆಕಟ್ಟುಗಳನ್ನು ನೀನು ನೋಡಿದ್ದೀಯ. ಮಳೆ ನಿಂತ ಮೇಲೆ ಅವುಗಳ ಕಿಂಡಿಗಳಿಗೆ ಹಲಗೆ ಹಾಕಬೇಕು, ಮುಂದಿನ ಮಳೆಗೆ ಮುಂಚೆ ತೆಗೆಯಬೇಕು. ಹಾಕುವವರು ತಡಮಾಡಿದರೆ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ, ಕಾಂಕ್ರೀಟು ಎಷ್ಟೇ ಗಟ್ಟಿಯಿರಲಿ. ಯಾವ ಯೋಜನೆ ಕೈಗೆ ಬಂದರೂ ಅದರ ಹಲಗೆ ಹಾಕುವವರು ಯಾರು, ಅವರಿಗೆ ಕೂಲಿ ಕೊಡುವವರು ಯಾರು ಎಂದು ಮೊದಲು ಕೇಳು. ನಿನ್ನ ಮೇಲಿನವರಿಗೆ ಈ ಪ್ರಶ್ನೆ ಚಿಲ್ಲರೆ ಅನ್ನಿಸಬಹುದು, ಆದರೂ ಕೇಳು.

ಈ ಮಳೆಗಾಲ ಮುಗಿದ ಮೇಲೆ ಊರಿಗೆ ಬಾ, ಹೊಸಂಗಡಿಗೆ ಹೋಗೋಣ. ಅಲ್ಲಿನ ಭೂಗರ್ಭದಲ್ಲಿ ವರಾಹಿ ವಿದ್ಯುದಾಗಾರವಿದೆ. 1989ರಲ್ಲಿ ಶುರುವಾದದ್ದು ಈಗ 460 ಮೆಗಾವ್ಯಾಟ್. ಸಂಜೆ ರಾಜ್ಯದ ಸೌರಫಲಕಗಳೆಲ್ಲ ಸುಮ್ಮನಾದ ಹೊತ್ತಿಗೆ ಕೆಲವೇ ನಿಮಿಷಗಳಲ್ಲಿ ಕೈಗೆ ಸಿಗುವುದು ಇಂಥ ನೀರಿನ ವಿದ್ಯುತ್ತು. ಆಮೇಲೆ ಘಟ್ಟ ಹತ್ತಿ ಮಾಣಿ ಅಣೆಕಟ್ಟಿನ ಕಡೆಗೂ ಹೋಗೋಣ. ಆ ನೀರಿಗಾಗಿ ಜಾಗ ಬಿಟ್ಟವರ ಮನೆಯಲ್ಲಿ ಒಂದು ರಾತ್ರಿ ಇರುವಷ್ಟು ರಜೆ ತೆಗೆದುಕೊಂಡೇ ಬಾ.