ಸಾಂಕ್ರಾಮಿಕ ರೋಗವೂ ಕಾರಖಾನೆಯ ನಿಯಮಗಳೂ

ಸಾಂಕ್ರಾಮಿಕ ರೋಗವೆಂದೊಡನೆ ವೈದ್ಯರು, ಆಸ್ಪತ್ರೆ, ಲಸಿಕೆ ಇವು ನಮ್ಮ ನೆನಪಿಗೆ ಬರುವುದು ಸಹಜ. ಆದರೆ ರೋಗವನ್ನು ತಡೆಯುವ, ಇಲ್ಲವೆ ಹಬ್ಬಿಸುವ ಮತ್ತೊಂದು ಸ್ಥಳವುಂಟು. ಅದೇ ಮನುಷ್ಯನು ದುಡಿಯುವ ಸ್ಥಳ. ಜ್ವರ ಬಂದವನು ಮನೆಯಲ್ಲಿ ಮಲಗಬೇಕೆಂಬುದು ವೈದ್ಯರ ಮಾತು. ಮಲಗಿದರೆ ಆ ದಿನದ ಕೂಲಿ ಇಲ್ಲವೆಂಬುದು ಕಾರಖಾನೆಯ ನಿಯಮ. ಇವೆರಡರ ನಡುವೆ ಸಿಕ್ಕಿದ ಬಡವನು ಯಾರ ಮಾತನ್ನು ಕೇಳಬೇಕು?

ಈ ಪ್ರಶ್ನೆಯು ನಮಗೆ ದೂರದ್ದಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ತಂದೆಯವರು ಸೊಲ್ಲಾಪುರದ ಮಗ್ಗದ ಕಾರಖಾನೆಗಳಲ್ಲಿ ದುಡಿಯುತ್ತಾರೆ. ಅನೇಕರ ತಾಯಂದಿರು ಸಾವಿರ ಬೀಡಿಗೆ ಇಷ್ಟೆಂಬ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ಆದುದರಿಂದ ರೋಗದ ಕಾಲದಲ್ಲಿ ಮಾಲೀಕರೂ ಸರಕಾರವೂ ದುಡಿಮೆಯ ನಿಯಮಗಳನ್ನು ಹೇಗೆ ಬದಲಿಸಿದರು, ಅದರಿಂದ ಏನಾಯಿತು ಎಂಬುದನ್ನು ಎರಡು ಉದಾಹರಣೆಗಳಿಂದ ತಿಳಿಯೋಣ.

ಮುಂಬಯಿಯ ಪ್ಲೇಗು

1896ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಡಾ. ಅಕಾಸಿಯೊ ವಿಯೆಗಸ್ ಎಂಬ ಗೋವೆಯ ಮೂಲದ ವೈದ್ಯರು. ಆಗ ಆ ನಗರದಲ್ಲಿ ಸುಮಾರು ಎಪ್ಪತ್ತು ಬಟ್ಟೆಯ ಗಿರಣಿಗಳಿದ್ದವು. ಕೊಂಕಣದಿಂದಲೂ ಘಟ್ಟದ ಮೇಲಿನ ಜಿಲ್ಲೆಗಳಿಂದಲೂ ಬಂದ ಸಾವಿರಾರು ಕೆಲಸಗಾರರು ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಒಂದೊಂದು ಕೋಣೆಗೆ ಹಲವರಂತೆ ವಾಸವಾಗಿದ್ದರು. ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಮನುಷ್ಯನಿಗೆ ತರುವುದೆಂಬುದನ್ನು ಸಿಮೊಂ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ. ಅಲ್ಲಿಯವರೆಗೆ ಜನರಿಗೆ ತಿಳಿದಿದ್ದುದು ಒಂದೇ: ಇಲ್ಲಿದ್ದರೆ ಸಾವು, ಊರಿಗೆ ಹೋದರೆ ಬದುಕು.

1891ರ ಜನಗಣತಿಯಂತೆ ಮುಂಬಯಿಯ ಜನಸಂಖ್ಯೆ 8,21,764. ಇದರಲ್ಲಿ 1897ರ ಫೆಬ್ರುವರಿಯ ಹೊತ್ತಿಗೆ ಸುಮಾರು 3,80,000 ಜನರು ನಗರವನ್ನು ಬಿಟ್ಟು ಹೋಗಿದ್ದರೆಂದು ಅಂದಾಜು. ಗಿರಣಿಯ ಯಂತ್ರಗಳಿದ್ದವು, ಹತ್ತಿಯಿತ್ತು, ನೂಲುವ ಕೈಗಳಿಲ್ಲದಾದವು.

ಇಲ್ಲಿ ಗಿರಣಿಗಳ ಪಗಾರದ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ಕೆಲಸಗಾರನಿಗೆ ತಿಂಗಳಿಗೊಮ್ಮೆ ಪಗಾರ. ಅದೂ ತಿಂಗಳು ಮುಗಿದೊಡನೆ ಅಲ್ಲ, ಹಲವು ದಿನಗಳು, ಕೆಲವು ಕಡೆ ವಾರಗಳು ಕಳೆದ ಮೇಲೆ. ಹೀಗೆ ಯಾವಾಗಲೂ ಅವನ ದುಡಿಮೆಯ ಒಂದು ಭಾಗ ಮಾಲೀಕನ ಕೈಯಲ್ಲಿ ಉಳಿದಿರುತ್ತಿತ್ತು. ಬಾಕಿ ಇರುವವರೆಗೆ ಆಳು ಬಿಟ್ಟು ಹೋಗನೆಂಬುದು ಮಾಲೀಕರ ಎಣಿಕೆ. ಸಾಮಾನ್ಯ ದಿನಗಳಲ್ಲಿ ಈ ಎಣಿಕೆ ಸರಿಯಾಗಿಯೇ ಇತ್ತು. ಪ್ಲೇಗು ಬಂದಾಗ ಮಾತ್ರ ಅದು ತಲೆಕೆಳಗಾಯಿತು. ಪ್ರಾಣವೇ ಹೋಗುವಾಗ ಬಾಕಿ ಪಗಾರವನ್ನು ಯಾರು ಕಾಯುವರು? ಅದನ್ನು ಬಿಟ್ಟೇ ಜನರು ಊರಿನ ದಾರಿ ಹಿಡಿದರು. ಉಳಿದವರೂ ನಾಳೆಯ ಭರವಸೆಯಿಲ್ಲದೆ, ಇಂದಿನ ಕೂಲಿಯನ್ನು ಇಂದೇ ಕೊಡಿರೆಂದು ಕೇಳಿದರು.

ಆಗ ಮಾಲೀಕರು ತಮ್ಮ ನಿಯಮಗಳನ್ನು ಬದಲಿಸಬೇಕಾಯಿತು. ಸಂಜೆ ಗಿರಣಿಯಿಂದ ಹೊರಬೀಳುವಾಗಲೇ ಅಂದಿನ ಕೂಲಿಯನ್ನು ಕೈಯಲ್ಲಿಡುವ ಪದ್ಧತಿ ಬಂದಿತು. ಬೀದಿಯ ಮೂಲೆಗಳಲ್ಲಿ ಒಂದು ಗಿರಣಿಯವರಿಗಿಂತ ಮತ್ತೊಂದು ಗಿರಣಿಯವರು ಹೆಚ್ಚು ದರ ಕೂಗಿ ಆಳುಗಳನ್ನು ಕರೆದೊಯ್ದರು. ನಿನ್ನೆಯವರೆಗೆ ಅಸಾಧ್ಯವೆನ್ನಲಾಗಿದ್ದ ದಿನಗೂಲಿಯು ಒಂದೆರಡು ತಿಂಗಳಲ್ಲಿ ಸಾಧ್ಯವಾಯಿತೆಂಬುದನ್ನು ಗಮನಿಸಿರಿ. ಆದರೆ ಈ ಬದಲಾವಣೆಯು ನಿಲ್ಲಲಿಲ್ಲ. ರೋಗದ ಕಾವು ಇಳಿದು ಜನರು ಮರಳಿದೊಡನೆ ಮಾಲೀಕರು ಹಳೆಯ ತಿಂಗಳ ಪಗಾರಕ್ಕೇ ಹಿಂದಿರುಗಿದರು. ಪಗಾರವನ್ನು ಇಷ್ಟು ದಿನಗಳೊಳಗೆ ಕೊಡಲೇಬೇಕೆಂಬ ಕಾನೂನು ಬರುವುದಕ್ಕೆ 1936ರವರೆಗೆ ಕಾಯಬೇಕಾಯಿತು. ಸಾವಿರಕ್ಕಿಂತ ಕಡಿಮೆ ಆಳುಗಳಿರುವಲ್ಲಿ ತಿಂಗಳು ಮುಗಿದ ಏಳು ದಿನಗಳೊಳಗೆ, ಉಳಿದೆಡೆ ಹತ್ತು ದಿನಗಳೊಳಗೆ ಎಂದು ಆ ಕಾಯಿದೆಯು ವಿಧಿಸಿತು.

ಭಯವೂ ಅವಿಶ್ವಾಸವೂ

ಪಗಾರದ ಮಾತು ಹೀಗಾದರೆ ಆಸ್ಪತ್ರೆಯ ಮಾತು ಬೇರೆ. ರೋಗಿಗಳನ್ನೂ ಶಂಕಿತರನ್ನೂ ಬಲವಂತದಿಂದ ಮನೆಯವರಿಂದ ಬೇರ್ಪಡಿಸಿ ಒಯ್ಯಲಾಗುತ್ತಿತ್ತು. ಒಯ್ದವರು ಮರಳಿ ಬರುವುದಿಲ್ಲವೆಂಬ ವದಂತಿ ಹಬ್ಬಿತು. 1896ರ ಅಕ್ಟೋಬರ್ 29ರಂದು ಸುಮಾರು ಸಾವಿರ ಮಂದಿ ಗಿರಣಿಯ ಕೆಲಸಗಾರರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. ಅವರು ಮಾಡಿದ್ದು ತಪ್ಪೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಾರಣವನ್ನು ಯೋಚಿಸಬೇಕು. ಮನೆಯ ದುಡಿಯುವವನನ್ನು ಕರೆದೊಯ್ದ ಮೇಲೆ ಒಲೆ ಹೊತ್ತುವುದು ಹೇಗೆ ಎಂಬುದಕ್ಕೆ ಉತ್ತರ ಕೊಡುವವರಿರಲಿಲ್ಲ. ಇಂಥ ಸ್ಥಿತಿಯಲ್ಲಿ ರೋಗವನ್ನು ಮುಚ್ಚಿಡುವುದೇ ಬಡವನಿಗೆ ಲಾಭವೆಂದು ತೋರುತ್ತದೆ; ಮುಚ್ಚಿಟ್ಟ ರೋಗವು ಇಡೀ ಓಣಿಯನ್ನು ಹಿಡಿಯುತ್ತದೆ.

2020ರ ಅನುಭವ

ಇನ್ನು ನಾವೇ ಕಣ್ಣಾರೆ ಕಂಡ ಕಾಲಕ್ಕೆ ಬರೋಣ. ಕೊರೋನಾ ರೋಗದ ನಿಮಿತ್ತ 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಗಣಕಯಂತ್ರದ ಮುಂದೆ ಕುಳಿತು ಮಾಡುವ ಕೆಲಸವನ್ನು ಕಂಪನಿಗಳು ಮನೆಗೇ ಕಳುಹಿಸಿದವು. ಮುಂದೆ ಕಾರಖಾನೆಗಳು ತೆರೆದಾಗ ಪಾಳಿಗಳ ನಡುವೆ ಬಿಡುವು, ಆಳು ಆಳಿಗೆ ಅಂತರ, ಬಾಗಿಲಲ್ಲಿ ಜ್ವರದ ತಪಾಸಣೆ, ಮುಖವಸ್ತ್ರ ಮುಂತಾದ ನಿಯಮಗಳು ಬಂದವು. ಇವೆಲ್ಲ ಒಳ್ಳೆಯವೇ. ಆದರೆ ಮಗ್ಗವನ್ನು ಮನೆಗೆ ಒಯ್ಯಲಾಗದು. ಇಟ್ಟಿಗೆ ಹೊರುವವನಿಗೆ ಮನೆಯಿಂದ ಕೆಲಸವೆಂಬುದಿಲ್ಲ.

ಕಾರಖಾನೆ ಮುಚ್ಚಿದ್ದರೂ ಕೂಲಿಯನ್ನು ಕಡಿತವಿಲ್ಲದೆ ಕೊಡಬೇಕೆಂದು ಕೇಂದ್ರ ಗೃಹ ಮಂತ್ರಾಲಯವು ಮಾರ್ಚ್ 29ರಂದು ಆಜ್ಞೆ ಮಾಡಿತು. ಕೆಲವರು ಕೊಟ್ಟರು, ಅನೇಕ ಸಣ್ಣ ಮಾಲೀಕರು, ಮಾರಾಟವೇ ಇಲ್ಲದಿರುವಾಗ ಎಲ್ಲಿಂದ ತರೋಣವೆಂದರು. ಅವರ ಮಾತನ್ನೂ ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಮೇ 18ರಿಂದ ಆ ಆಜ್ಞೆಯು ನಿಂತಿತು. ಮಾಲೀಕರೂ ಕೆಲಸಗಾರರೂ ಮಾತುಕತೆಯಿಂದ ಬಗೆಹರಿಸಿಕೊಳ್ಳಲೆಂದು ಸರ್ವೋಚ್ಚ ನ್ಯಾಯಾಲಯವು ಜೂನ್ 12ರಂದು ಹೇಳಿತು. ಈ ನಡುವೆ ಲಕ್ಷಾಂತರ ಜನರು ಗಂಟು ಮೂಟೆ ಹೊತ್ತು ಹೆದ್ದಾರಿಗಳಲ್ಲಿ ನಡೆದರು. ಅವರಿಗಾಗಿ ಮೊದಲ ಶ್ರಮಿಕ ರೈಲು ಹೊರಟದ್ದು ಮೇ 1ರಂದು, ತೆಲಂಗಾಣದ ಲಿಂಗಂಪಲ್ಲಿಯಿಂದ ಝಾರ್ಖಂಡದ ಹಟಿಯಾಕ್ಕೆ. 1897ರಲ್ಲಿಯೂ 2020ರಲ್ಲಿಯೂ ನಗರವನ್ನು ಬಿಟ್ಟವರು ರೋಗಕ್ಕೆ ಮಾತ್ರ ಅಂಜಿದವರಲ್ಲ; ಕೂಲಿಯಿಲ್ಲದ ನಾಳೆಗೂ ಅಂಜಿದವರು.

ವಿಮೆಯ ದಾರಿ

ಹಾಗಾದರೆ ಭಾರವನ್ನು ಯಾರು ಹೊರಬೇಕು? ಆಳೊಬ್ಬನೇ ಹೊತ್ತರೆ ಹಸಿವು. ಮಾಲೀಕನೊಬ್ಬನೇ ಹೊತ್ತರೆ ಸಣ್ಣ ಕಾರಖಾನೆಯ ಮುಳುಗಡೆ. ಎಲ್ಲರೂ ಸುಖದ ದಿನಗಳಲ್ಲಿ ಸ್ವಲ್ಪ ಸ್ವಲ್ಪ ಕೂಡಿಟ್ಟು ಕಷ್ಟದ ದಿನಕ್ಕೆ ಒದಗಿಸಿಕೊಳ್ಳುವುದೇ ವಿಮೆ. 1948ರ ನೌಕರರ ರಾಜ್ಯ ವಿಮಾ ಕಾಯಿದೆಯು ಈ ತತ್ತ್ವದ ಮೇಲೆ ನಿಂತಿತು. 1952ರ ಫೆಬ್ರುವರಿ 24ರಂದು ಕಾನಪುರದಲ್ಲಿ ಪಂಡಿತ ನೆಹರೂ ಅವರು ಯೋಜನೆಯನ್ನು ಉದ್ಘಾಟಿಸಿದರು. ಮಾಲೀಕನೂ ನೌಕರನೂ ವಂತಿಗೆ ಕೊಡುವರು. ನೌಕರನು ಹಾಸಿಗೆ ಹಿಡಿದರೆ ವೈದ್ಯರ ಪ್ರಮಾಣಪತ್ರದ ಮೇಲೆ ಕೂಲಿಯ ಬಹುಭಾಗ ಅವನಿಗೆ ದೊರೆಯುವುದು. ಕಾಯಿಲೆಯ ಅವಧಿಯಲ್ಲಿ ಅವನನ್ನು ಕೆಲಸದಿಂದ ತೆಗೆಯಬಾರದೆಂಬ ನಿರ್ಬಂಧವೂ ಆ ಕಾಯಿದೆಯಲ್ಲಿ ಸೇರಿತು. ಆದರೆ ಸಣ್ಣ ಕಾರಖಾನೆಗಳವರೂ ದಿನಗೂಲಿಯವರೂ ಬಹುಮಟ್ಟಿಗೆ ಇದರ ಹೊರಗೇ ಉಳಿದರೆಂಬುದನ್ನು 2020ನೆಯ ವರ್ಷವು ತೋರಿಸಿಕೊಟ್ಟಿತು.

ಪಾಲಕರಲ್ಲಿ ನನ್ನ ವಿನಂತಿಯಿಷ್ಟೆ: ತಾವು ದುಡಿಯುವ ಕಾರಖಾನೆಯು ವಿಮೆಗೆ ಒಳಪಟ್ಟಿದೆಯೇ, ತಮ್ಮ ಹೆಸರು ಅದರಲ್ಲಿ ದಾಖಲಾಗಿದೆಯೇ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಳ್ಳಿರಿ. ಜ್ವರ ಬಂದ ಮೇಲೆ ಕಾಗದ ಹುಡುಕುವುದು ಕಷ್ಟ. ಓದಲು ತೊಡಕಾದ ಕಾಗದವಿದ್ದರೆ ಶಾಲೆಗೆ ತನ್ನಿರಿ. ನಾವು ಓದಿ ಹೇಳುವೆವು.

ನಮ್ಮ ಮನೆಯ ದೋಷ

ಪರರಿಗೆ ಹೇಳುವ ಮುನ್ನ ನಮ್ಮನ್ನು ನೋಡಿಕೊಳ್ಳಬೇಕಷ್ಟೆ. ವರ್ಷದಲ್ಲಿ ಒಂದು ದಿನವೂ ತಪ್ಪದೆ ಬಂದ ವಿದ್ಯಾರ್ಥಿಗೆ ನಮ್ಮ ಶಾಲೆಯಲ್ಲಿ ಬಹುಮಾನ ಕೊಡುವ ರೂಢಿಯಿತ್ತು. 2023ರ ಮಳೆಗಾಲದಲ್ಲಿ ಕಣ್ಣುಬೇನೆ ಹಬ್ಬಿದಾಗ ಐದನೆಯ ಇಯತ್ತೆಯ ಹುಡುಗನೊಬ್ಬನು ಕೆಂಡದಂಥ ಕಣ್ಣುಗಳನ್ನು ಅಂಗಿಯ ತೋಳಿನಿಂದ ಒರೆಸಿಕೊಳ್ಳುತ್ತ ತರಗತಿಯಲ್ಲಿ ಕುಳಿತಿದ್ದನು. ಮನೆಯಲ್ಲಿ ಏಕೆ ಇರಲಿಲ್ಲವೆಂದು ಕೇಳಿದೆನು. “ಹಾಜರಿ ಬಹುಮಾನ ತಪ್ಪತದ ಅಂತ ಬಂದೀನ್ರಿ ಸರ್” ಎಂದನು. ಎಂಟು ದಿನಗಳಲ್ಲಿ ಅವನ ಬೆಂಚಿನವರೆಲ್ಲರಿಗೂ ಕಣ್ಣು ಬಂದವು.

ಹುಡುಗನ ತಪ್ಪೇನೂ ಇರಲಿಲ್ಲ; ತಪ್ಪು ಬಹುಮಾನವಿಟ್ಟ ನಮ್ಮದು. ಬಾಕಿ ಪಗಾರದಿಂದ ಆಳನ್ನು ಕಟ್ಟಿಹಾಕಿದ ಗಿರಣಿಯಂತೆ ನಾವೂ ಒಂದು ಬಹುಮಾನದಿಂದ ಕಾಯಿಲೆಯ ಮಗುವನ್ನು ಬೆಂಚಿಗೆ ಕಟ್ಟಿದ್ದೆವು. ಆ ವರ್ಷದಿಂದ ನಿಯಮವನ್ನು ಬದಲಿಸಿದೆವು. ಕಾಯಿಲೆಯೆಂದು ಪಾಲಕರು ಚೀಟಿ ಕಳುಹಿಸಿದ ದಿನಗಳನ್ನು ಗೈರುಹಾಜರಿಯೆಂದು ಎಣಿಸುವುದಿಲ್ಲ. ಆ ದಿನಗಳ ಪಾಠವನ್ನು ಜೊತೆಯ ವಿದ್ಯಾರ್ಥಿಯೊಬ್ಬನು ಬರೆದುಕೊಡಬೇಕು. ಬರೆದುಕೊಟ್ಟವನಿಗೂ ಬಹುಮಾನದಲ್ಲಿ ಪಾಲುಂಟು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಕಾರಖಾನೆಯ ಆಳುಗಳಾಗುವಿರಿ, ಕೆಲವರು ಮಾಲೀಕರಾಗುವಿರಿ, ಕೆಲವರು ಅಧಿಕಾರಿಗಳಾಗುವಿರಿ. ರೋಗಿಯಾದವನು ಅನ್ನದ ಚಿಂತೆಯಿಲ್ಲದೆ ಮನೆಯಲ್ಲಿ ಮಲಗುವಂತೆ ಮಾಡುವ ನಿಯಮವು ಇಡೀ ಊರಿನ ಆರೋಗ್ಯವನ್ನು ಕಾಯುವುದೆಂಬುದನ್ನು ಆಗ ಮರೆಯದಿರಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಪಗಾರವನ್ನು ಬಾಕಿ ಇಡುವ ಪದ್ಧತಿಯು ಪ್ಲೇಗಿನ ಕಾಲದಲ್ಲಿ ಏಕೆ ವಿಫಲವಾಯಿತು?
2. ಕೆಲಸಗಾರರು ರೋಗವನ್ನು ಮುಚ್ಚಿಡಲು ಕಾರಣಗಳೇನು?
3. 1897 ಮತ್ತು 2020ರ ವಲಸೆಗಳಲ್ಲಿ ಸಮಾನವಾದ ಅಂಶಗಳಾವುವು?
4. ನಿಮ್ಮ ಮನೆಯ ಹಿರಿಯರು ದುಡಿಯುವ ಸ್ಥಳದಲ್ಲಿ ಕಾಯಿಲೆಯ ದಿನಗಳಿಗೆ ಯಾವ ನಿಯಮವಿದೆ? ಕೇಳಿ ತಿಳಿದು ಹತ್ತು ಸಾಲು ಬರೆಯಿರಿ.