ಗೋಧಿಯನ್ನು ತೊರೆದವರಿಗೆ

ಗೋಧಿಯ ಗ್ಲುಟೆನ್ ತಮ್ಮ ಕರುಳಿಗೆ ಒಗ್ಗದೆಂದು ವೈದ್ಯರಿಂದ ತಿಳಿದು, ಚಪಾತಿ, ರವೆಯ ಉಪ್ಪಿಟ್ಟು, ಶಾವಿಗೆಗಳನ್ನು ತ್ಯಜಿಸಿದವರಲ್ಲಿ ಹಲವರು, ತೆರವಾದ ಆ ಸ್ಥಾನವನ್ನೆಲ್ಲ ಬಿಳಿಯ ಅನ್ನದಿಂದಲೇ ತುಂಬಿ, ಬಳಿಕ ಮಲಬದ್ಧತೆಯಿಂದ ಬಳಲುವುದುಂಟು. ಕರುಳಿನ ಹಿತಕಾರಿ ಸೂಕ್ಷ್ಮಜೀವಿಗಳಿಗೆ ನಾರೇ ಆಹಾರ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಅದು 3 ಗ್ರಾಮಿನಷ್ಟೂ ಇರದು, ರಾಗಿಯಲ್ಲಾದರೋ ಸುಮಾರು 11 ಗ್ರಾಂ ಉಂಟು. ಆದುದರಿಂದ ಮುದ್ದೆ, ಜೋಳದ ರೊಟ್ಟಿ, ನವಣೆಯನ್ನ, ಕಾಳು, ಸೊಪ್ಪುಗಳನ್ನು ನಿತ್ಯದ ಊಟಕ್ಕೆ ತಂದುಕೊಳ್ಳಿರಿ. ಆದರೆ ಒಮ್ಮೆಲೇ ಅಲ್ಲ, ಅಭ್ಯಾಸವಿಲ್ಲದ ಹೊಟ್ಟೆ ಉಬ್ಬರಿಸೀತು. ಕ್ರಮಕ್ರಮವಾಗಿ, ಸಾಕಷ್ಟು ನೀರಿನೊಡನೆ. ಮೊಸರು ಹಿಡಿಸುವವರಿಗೆ ಮಜ್ಜಿಗೆ ಬೆರೆತ ಅಂಬಲಿಯಂತೂ ಅತ್ಯಂತ ಹಿತಕರ.

ಇನ್ನು ಗ್ಲುಟೆನ್ ಎಂಬ ಶತ್ರುವು ಅಡಗಿರುವ ತಾಣಗಳು: ಅಂಗಡಿಯ ಇಂಗಿನ ಪುಡಿಯಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ (ದಿನವೂ ಒಗ್ಗರಣೆಗೆ ಬೀಳುವ ಅದನ್ನು ಯಾರು ತಾನೇ ಶಂಕಿಸಿಯಾರು!), ಮಾಲ್ಟಿನ ಪೇಯಗಳಲ್ಲಿ ಬಾರ್ಲಿ, ಗೋಧಿ ಬೀಸಿದ ಗಿರಣಿಯಲ್ಲೇ ರಾಗಿಯನ್ನು ಬೀಸಿಸಿದರೆ ಹಿಟ್ಟಿಗೆ ಹಿಟ್ಟು ಕೂಡಿಯೇ ಬರುತ್ತದೆ.

ವೈದ್ಯರನ್ನು ಕಾಣದೆ, ಕೇವಲ ಸಂಶಯಮಾತ್ರದಿಂದ ಗೋಧಿಯನ್ನು ಬಿಡಹೊರಟವರು ಮಾತ್ರ ತುಸು ತಡೆಯಬೇಕು. ಬಿಟ್ಟ ಮೇಲೆ ಮಾಡಿಸಿದ, ಗ್ಲುಟೆನ್ನಿನಿಂದ ಕರುಳು ಕೆಡುವ ಸೀಲಿಯಾಕ್ ರೋಗದ ರಕ್ತಪರೀಕ್ಷೆಯು, ರೋಗವಿದ್ದರೂ ಇಲ್ಲವೆಂದೇ ತೋರಿಸಬಹುದು.