ಕಾರ್ಲೆಯ ಚೈತ್ಯಗೃಹ ಮತ್ತು ವೈಜಯಂತಿಯ ಶ್ರೇಷ್ಠಿ

ಭಾರತದ ಶಿಲಾವಾಸ್ತುವಿನ ಇತಿಹಾಸದಲ್ಲಿ ಕಾರ್ಲೆಯ ಬೌದ್ಧ ಚೈತ್ಯಗೃಹಕ್ಕೆ ವಿಶಿಷ್ಟವಾದ ಸ್ಥಾನವುಂಟು. ಮಹಾರಾಷ್ಟ್ರದ ಪುಣೆ ಜಿಲ್ಲೆಯಲ್ಲಿರುವ ಈ ಗುಹಾಲಯವು ಕನ್ನಡಿಗರಿಗೆ ಮತ್ತೊಂದು ಕಾರಣದಿಂದಲೂ ಆತ್ಮೀಯವಾದುದು. ಅದನ್ನು ಅರಿಯುವ ಮೊದಲು ಅಲ್ಲಿಗೆ ಹೋಗುವ ದಾರಿಯನ್ನು ತಿಳಿಯುವುದು ಲೇಸು; ಏಕೆಂದರೆ ಇಲ್ಲಿ ದಾರಿಯೂ ಪಾಠದ ಒಂದು ಭಾಗವೇ ಆಗಿದೆ.

ಪುಣೆ ಮತ್ತು ಲೋಣಾವಳಗಳ ನಡುವೆ ಸಂಚರಿಸುವ ಲೋಕಲ್ ರೈಲು ಮಳವಲಿ ಎಂಬ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. ಇಂದ್ರಾಯಣಿ ನದಿಯ ಈ ಕಣಿವೆಯಲ್ಲಿ ದಕ್ಷಿಣದ ಬೆಟ್ಟದಲ್ಲಿ ಭಾಜೆ, ಉತ್ತರದ ಬೆಟ್ಟದಲ್ಲಿ ಕಾರ್ಲೆ. ಭಾಜೆಗೆ ನಡೆದೇ ಹೋಗಬಹುದು. ಕಾರ್ಲೆಯ ಬೆಟ್ಟದ ಕಡೆಗೆ ಆಟೋರಿಕ್ಷಾಗಳು ದೊರೆಯುತ್ತವೆ; ಮುಂದೆ ಏಕವೀರಾ ದೇವಿಯ ಭಕ್ತರೊಡನೆ ಮೆಟ್ಟಿಲುಗಳನ್ನು ಏರಬೇಕು. ೧೮೬೩ರಲ್ಲಿ ಭೋರ್ ಘಾಟಿನ ಮೂಲಕ ರೈಲು ಮಾರ್ಗವು ತೆರೆಯಿತು. ಅದಕ್ಕೂ ಬಹುಕಾಲದ ಹಿಂದೆಯೇ ಕೊಂಕಣದ ಬಂದರುಗಳ ಸರಕು ಈ ಘಟ್ಟಗಳನ್ನೇರಿ ದಖ್ಖನಿಗೆ ಬರುತ್ತಿತ್ತು. ನಿರ್ಜನವೆಂದು ತೋರುವ ಬೆಟ್ಟದಲ್ಲಿ ಇಂಥ ಮಂದಿರವೇಕೆ ಎಂಬ ವಿದ್ಯಾರ್ಥಿಯ ಪ್ರಶ್ನೆಗೆ ಈ ವಣಿಕ್ಪಥವೇ ಉತ್ತರ. ಭಿಕ್ಷುಗಳಿಗೆ ಏಕಾಂತವೂ ಬೇಕಿತ್ತು, ಭಿಕ್ಷೆ ನೀಡುವವರ ಸಾಮೀಪ್ಯವೂ ಬೇಕಿತ್ತು.

ಮೊದಲು ಭಾಜೆಯನ್ನು ನೋಡುವುದು ಉಚಿತ. ಅಲ್ಲಿಯ ಚೈತ್ಯವು ಕ್ರಿಸ್ತಪೂರ್ವ ಎರಡನೆಯ ಶತಮಾನದ್ದು. ಅದರ ಕಂಬಗಳು ಒಳಮುಖವಾಗಿ ವಾಲಿವೆ. ಮರದ ಕಟ್ಟಡದಲ್ಲಿ ಛಾವಣಿಯ ಒತ್ತಡವನ್ನು ತಡೆಯಲು ಕಂಬವನ್ನು ವಾಲಿಸುವುದು ಅಗತ್ಯ. ಬಂಡೆಯನ್ನು ಕೊರೆದ ಗುಹೆಯಲ್ಲಿ ಅದಕ್ಕೆ ಕಾರಣವಿಲ್ಲ. ಶಿಲ್ಪಿಯ ಕೈ ಕಲ್ಲಿಗೆ ಬಂದರೂ ಮರದ ಅಭ್ಯಾಸವನ್ನು ಬಿಟ್ಟಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಕಾರ್ಲೆಯಲ್ಲಿ, ಕ್ರಿಸ್ತಶಕದ ಆರಂಭಕಾಲಕ್ಕೆ, ಕಂಬಗಳು ನೆಟ್ಟಗೆ ನಿಂತಿವೆ. ಸುಮಾರು ೩೮ ಮೀಟರ್ ಉದ್ದ, ೧೪ ಮೀಟರ್ ಅಗಲದ ಆ ಮಂದಿರದಲ್ಲಿ ಸ್ತೂಪದತ್ತ ಸಾಗುವ ಎರಡೂ ಸಾಲುಗಳಲ್ಲಿ ೧೫ರಂತೆ ಕಂಬಗಳಿದ್ದು, ಅವುಗಳ ಬೋದಿಗೆಗಳ ಮೇಲೆ ಗಜಾರೂಢ ದಂಪತಿಗಳು ಶೋಭಿಸುತ್ತಾರೆ. ಕಮಾನಿನ ಛಾವಣಿಗೆ ಜೋಡಿಸಿದ ಪ್ರಾಚೀನ ಮರದ ತೊಲೆಗಳು ಇಂದಿಗೂ ಉಳಿದಿರುವುದು ಆಶ್ಚರ್ಯಕರ.

ಇನ್ನು ಶಾಸನಗಳ ಮಾತು. ಮುಖಮಂಟಪದ ಎಡತುದಿಯಲ್ಲಿರುವ ಪ್ರಾಕೃತ ಶಾಸನವು, ಜಂಬೂದ್ವೀಪದಲ್ಲಿಯೇ ಉತ್ತಮವಾದ ಈ ಶಿಲಾಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲನು ನೆರವೇರಿಸಿದನೆಂದು ಸಾರುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಕದಂಬರ ರಾಜಧಾನಿಯಾಗುವುದಕ್ಕೆ ಮೊದಲೇ ಆ ಊರಿನ ವರ್ತಕನೊಬ್ಬನ ಔದಾರ್ಯವು ಸಹ್ಯಾದ್ರಿಯ ದೂರದ ಬಂಡೆಯಲ್ಲಿ ದಾಖಲಾಗಿದೆ. ಇದು ನಾವು ಅಭಿಮಾನಪಡತಕ್ಕ ಸಂಗತಿ.

ಆದರೆ ಅಭಿಮಾನವು ಓದನ್ನು ಅಲ್ಲಿಗೇ ನಿಲ್ಲಿಸಬಾರದು. ಅದೇ ಮಂದಿರದ ಬೇರೆ ಶಾಸನಗಳು ಬೇರೆ ಹೆಸರುಗಳನ್ನು ಹೇಳುತ್ತವೆ. ದ್ವಾರವೊಂದು ಧೇನುಕಾಕಟದ ಗಂಧದ ವ್ಯಾಪಾರಿ ಸಿಂಹದತ್ತನ ದಾನ. ಅದೇ ಊರಿನ ಬಡಗಿ ಸಾಮಿ ದ್ವಾರದ ಕೆಲಸವನ್ನು ಮಾಡಿದವನು. ಕೆಲವು ಕಂಬಗಳನ್ನು ಯವನರು ಕೊಟ್ಟಿದ್ದಾರೆ. ಹೊರಗಿನ ಸಿಂಹಸ್ತಂಭ ಮಹಾರಠಿಯೊಬ್ಬನ ಕೊಡುಗೆ. ಭೂತಪಾಲನ ಶಾಸನವನ್ನಷ್ಟೇ ಓದಿದವನು ಇದನ್ನು ಒಬ್ಬ ಧನಿಕನ ಕೃತಿಯೆಂದು ಭಾವಿಸುತ್ತಾನೆ. ಎಲ್ಲವನ್ನೂ ಓದಿದವನಿಗೆ ಅನೇಕರ ಸೇರಿದ ಕೈಗಳು ಕಾಣುತ್ತವೆ.

ಕಾಯಕ ಮತ್ತು ದಾಸೋಹಗಳ ಪರಂಪರೆಯಲ್ಲಿ ಬೆಳೆದ ನಮಗೆ ಇದು ಸುಲಭವಾಗಿ ಅರ್ಥವಾಗತಕ್ಕದ್ದು. ಶರಣರ ಕಾಲ ಬೇರೆ, ತತ್ತ್ವ ಬೇರೆ. ಎರಡನ್ನೂ ಬೆರೆಸುವುದು ಇತಿಹಾಸಕ್ಕೆ ಸಲ್ಲದು. ಆದರೂ ಬಡಗಿಯ ಹೆಸರು ಶ್ರೇಷ್ಠಿಯ ಹೆಸರಿನೊಡನೆ ಒಂದೇ ಮಂದಿರದಲ್ಲಿ ಉಳಿದುದನ್ನು ಆದರದಿಂದ ಕಾಣಲು ಯಾವ ಅಡ್ಡಿಯೂ ಇಲ್ಲ. ಶಿಕ್ಷಕರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಬನವಾಸಿಯ ಹೆಸರನ್ನು ಅವಶ್ಯವಾಗಿ ತೋರಿಸಲಿ. ತರುವಾಯ ಬಾಗಿಲುಗಳ ಬಳಿಗೂ ಕಂಬಗಳ ಬಳಿಗೂ ಕರೆದೊಯ್ದು ಉಳಿದ ಹೆಸರುಗಳನ್ನೂ ಹೇಳಲಿ.